ಗೋಡೆಯ ಬಣ್ಣವೂ ಮನೆಯ ಬೆಳಕೂ

ಯುಗಾದಿಯೋ ದೀಪಾವಳಿಯೋ ಸಮೀಪಿಸಿದಾಗ, ಅಥವಾ ಮನೆಯಲ್ಲಿ ಮದುವೆ ಮುಂಜಿಗಳು ನಿಶ್ಚಯವಾದಾಗ, ಗೋಡೆಗಳಿಗೆ ಸುಣ್ಣಬಣ್ಣ ಮಾಡಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಹಿಂದೆ ಈ ಕಾರ್ಯದಲ್ಲಿ ಆಯ್ಕೆಗೆ ಹೆಚ್ಚು ಅವಕಾಶವಿರಲಿಲ್ಲ. ಸುಣ್ಣ, ಕೆಮ್ಮಣ್ಣು, ಒಂದಿಷ್ಟು ನೀಲಿ, ಇಷ್ಟರಲ್ಲಿಯೇ ಕೆಲಸ ಮುಗಿಯುತ್ತಿತ್ತು. ಇಂದಾದರೋ ಬಣ್ಣದ ಅಂಗಡಿಗೆ ಹೋದವರ ಕೈಗೆ ನೂರಾರು ಛಾಯೆಗಳುಳ್ಳ ಶೇಡ್ ಕಾರ್ಡೊಂದು ಬರುತ್ತದೆ. ಮನೆಯವರೆಲ್ಲರೂ ಅದರ ಸುತ್ತ ಕುಳಿತು, ಒಬ್ಬರು ಮೆಚ್ಚಿದುದನ್ನು ಇನ್ನೊಬ್ಬರು ತಳ್ಳಿಹಾಕಿ, ಕಡೆಗೆ ಯಾವುದೋ ಒಂದು ಚೌಕದ ಮೇಲೆ ಬೆರಳಿಡುತ್ತಾರೆ. ಕೆಲಸ ಮುಗಿದ ಮೇಲೆ ನೋಡಿದರೆ ಗೋಡೆಯ ಮೇಲಿನ ಬಣ್ಣ ಕಾರ್ಡಿನ ಬಣ್ಣದಂತೆ ಇರುವುದಿಲ್ಲ. ಅಂಗಡಿಯವನು ಬೇರೆ ಡಬ್ಬಿ ಕೊಟ್ಟನೆಂದು ಕೆಲವರೂ, ಬಣ್ಣ ಬಳಿದವನು ನೀರು ಬೆರೆಸಿದನೆಂದು ಕೆಲವರೂ ದೂರುತ್ತಾರೆ. ಆದರೆ ಬಹುಮಟ್ಟಿಗೆ ಇವರಿಬ್ಬರೂ ನಿರಪರಾಧಿಗಳು. ಕಾರ್ಡಿನಲ್ಲಿರುವುದು ಬಣ್ಣದ ಗುಣ ಮಾತ್ರ. ಕೋಣೆಯಲ್ಲಿ ಕಾಣುವುದು ಬಣ್ಣ, ಬೆಳಕು, ಕಣ್ಣು ಈ ಮೂರೂ ಸೇರಿ ಆಗುವ ಫಲ.

ಮನೆಯನ್ನು ಅಲಂಕರಿಸುವುದಕ್ಕೆ ಸ್ಫೂರ್ತಿ ಎಲ್ಲಿ ದೊರೆಯುತ್ತದೆ ಎಂಬ ಪ್ರಶ್ನೆಗೆ ಕಲಾವಿದರು ತಮ್ಮದೇ ಆದ ಉತ್ತರ ಕೊಡಬಹುದು. ಭೌತವಿಜ್ಞಾನವು ಕೊಡುವ ಉತ್ತರ ಬಹು ಸರಳವಾದುದು: ಅಂಗಡಿಗೆ ಹೋಗುವ ಮೊದಲು ನಿಮ್ಮ ಕೋಣೆಯೊಳಕ್ಕೆ ಬರುವ ಬೆಳಕನ್ನು ನೋಡಿರಿ. ಆ ಬೆಳಕು ಎಲ್ಲಿಂದ ಬರುತ್ತದೆ, ಗೋಡೆಗಳ ನಡುವೆ ಏನಾಗುತ್ತದೆ, ಎಲ್ಲಿ ಅಡಗಿಹೋಗುತ್ತದೆ ಎಂಬುದನ್ನು ತಿಳಿದವರಿಗೆ ಯಾವ ಬಣ್ಣ ಎಲ್ಲಿರಬೇಕೆಂಬುದು ಮುಕ್ಕಾಲು ಪಾಲು ತಾನಾಗಿಯೇ ಹೊಳೆಯುತ್ತದೆ. ಇದು ಕೇವಲ ಸೊಬಗಿನ ಮಾತಲ್ಲ. ಒಂದೇ ಕಿಟಕಿಯ ಕೋಣೆಯ ಮೂಲೆಯಲ್ಲಿ ಕುಳಿತು ಓದುವ ವಿದ್ಯಾರ್ಥಿಗೆ ಹಗಲಿನಲ್ಲಿ ದೀಪವಿಲ್ಲದೆ ಅಕ್ಷರ ಕಾಣುವುದೋ ಇಲ್ಲವೋ ಎಂಬುದು ಗೋಡೆಯ ಬಣ್ಣವನ್ನು ಅವಲಂಬಿಸಿದೆ.

ಸುಣ್ಣ ಬೆಳ್ಳಗಿರುವುದೇಕೆ?

ಎಲ್ಲಕ್ಕಿಂತಲೂ ಹಳೆಯದೂ ಅಗ್ಗವಾದುದೂ ಆದ ಸುಣ್ಣದಿಂದಲೇ ವಿಚಾರವನ್ನು ಆರಂಭಿಸೋಣ. ಸುಣ್ಣದ ಕಲ್ಲನ್ನು ಅಥವಾ ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿದು ಅರಳಿದ ಸುಣ್ಣವಾಗುತ್ತದೆ. ಇದನ್ನು ತಿಳಿಯಾಗಿ ಕದಡಿ ಗೋಡೆಗೆ ಬಳಿದಾಗ, ಅದು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಮತ್ತೆ ಹೀರಿಕೊಂಡು ನಿಧಾನವಾಗಿ ಮೊದಲಿನ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಹೀಗೆ ಸುಣ್ಣ ಹೊಡೆದ ಗೋಡೆಯ ಮೇಲಿರುವುದು ತೆಳುವಾದ ಸುಣ್ಣದ ಕಲ್ಲಿನ ಪದರವೇ.

ಸುಣ್ಣ ಹೊಡೆಯುವುದನ್ನು ಗಮನಿಸಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಆಗತಾನೆ ಬಳಿದ ಸುಣ್ಣ ಹಳೆಯ ಗೋಡೆಯ ಕಲೆಯನ್ನು ಮುಚ್ಚುವುದೇ ಇಲ್ಲ; ನೀರು ಚೆಲ್ಲಿದಂತೆ ಮಬ್ಬಾಗಿ ಕಾಣುತ್ತದೆ. ಒಣಗಿದ ಮೇಲೆ ಅದೇ ಗೋಡೆ ಹಾಲಿನಂತೆ ಬೆಳಗುತ್ತದೆ. ಇದಕ್ಕೆ ಕಾರಣವೇನು?

ಕಲ್ಲುಸಕ್ಕರೆಯ ಹರಳು ಪಾರದರ್ಶಕವಾಗಿದ್ದರೂ ಅದನ್ನು ಕುಟ್ಟಿದರೆ ಬಿಳಿಯ ಪುಡಿಯಾಗುತ್ತದೆ. ಪುಡಿ ಮಾಡಿದ ಮಾತ್ರಕ್ಕೆ ಸಕ್ಕರೆಗೆ ಹೊಸ ಬಣ್ಣ ಬಂದುದಿಲ್ಲ. ಗಾಳಿಯೂ ಸಕ್ಕರೆಯೂ ಸಂಧಿಸುವ ಮೇಲ್ಮೈಗಳು ಅಸಂಖ್ಯಾತವಾದುವು, ಅಷ್ಟೆ. ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಅದರಲ್ಲಿ ಸ್ವಲ್ಪ ಭಾಗ ಹಿಂದಿರುಗುತ್ತದೆ. ಎರಡು ಮಾಧ್ಯಮಗಳ ವಕ್ರೀಭವನಾಂಕಗಳಲ್ಲಿ ಅಂತರ ಹೆಚ್ಚಾದಷ್ಟೂ ಹಿಂದಿರುಗುವ ಭಾಗ ಹೆಚ್ಚು. ಕ್ಯಾಲ್ಸಿಯಂ ಕಾರ್ಬೊನೇಟಿನ ವಕ್ರೀಭವನಾಂಕ ಸುಮಾರು 1.6, ನೀರಿನದು 1.33, ಗಾಳಿಯದು 1 ಎಂದೇ ಹೇಳಬಹುದು. ಸುಣ್ಣದ ಕಣಗಳ ನಡುವೆ ನೀರಿದ್ದಾಗ ಒಂದೊಂದು ಮೇಲ್ಮೈಯಲ್ಲಿ ಹಿಂದಿರುಗುವ ಬೆಳಕು ನೂರರಲ್ಲಿ ಒಂದು ಪಾಲೂ ಇಲ್ಲ. ನೀರು ಆರಿ ಆ ಸಂದುಗಳಲ್ಲಿ ಗಾಳಿ ತುಂಬಿದಾಗ ಅದು ನೂರರಲ್ಲಿ ಐದು ಪಾಲಿಗೆ ಏರುತ್ತದೆ. ಒಂದು ಕಣದಲ್ಲಿ ಐದು ಪಾಲೆಂದರೆ ಅಲ್ಪವೇ. ಆದರೆ ಕೂದಲೆಳೆಯಷ್ಟು ದಪ್ಪದ ಪದರದಲ್ಲಿ ಒಂದರ ಹಿಂದೊಂದು ಇಂಥ ಅನೇಕ ಕಣಗಳಿರುವುದರಿಂದ, ಒಳಹೊಕ್ಕ ಬೆಳಕು ಅತ್ತಿತ್ತ ಚದರಿ, ಬಹುಪಾಲು ಹೊರಕ್ಕೇ ಮರಳುತ್ತದೆ. ಎಲ್ಲ ತರಂಗದೂರಗಳೂ ಸಮನಾಗಿ ಮರಳುವುದರಿಂದ ಗೋಡೆ ಬೆಳ್ಳಗೆ ಕಾಣುತ್ತದೆ.

ಇಂದಿನ ಡಬ್ಬಿಯ ಬಣ್ಣಗಳಲ್ಲಿ ಬಿಳುಪನ್ನು ಕೊಡುವುದು ಬಹುಮಟ್ಟಿಗೆ ಟೈಟೇನಿಯಂ ಡೈ ಆಕ್ಸೈಡ್. ಇದರ ಒಂದು ರೂಪದ ವಕ್ರೀಭವನಾಂಕ ಸುಮಾರು 2.7, ವಜ್ರದ್ದಕ್ಕಿಂತಲೂ ಹೆಚ್ಚು. ಆದುದರಿಂದ ಕಣಗಳ ಸುತ್ತ ಗಾಳಿಯಿಲ್ಲದೆ ಅಂಟಿನ ಪದಾರ್ಥ ತುಂಬಿದ್ದರೂ ಅದು ಬೆಳಕನ್ನು ಬಲವಾಗಿ ಚದರಿಸುತ್ತದೆ. ಒಂದೆರಡು ಕೈ ಬಳಿದರೆ ಹಳೆಯ ಕಲೆ ಮುಚ್ಚಿಹೋಗುವುದು ಇದರಿಂದಲೇ.

ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಬೆರೆಸುವ ರೂಢಿಯೂ ಅರ್ಥವಿಲ್ಲದುದಲ್ಲ. ಸುಣ್ಣದಲ್ಲಿ ಸ್ವಲ್ಪ ಕಲ್ಮಷವಿದ್ದರೆ ಗೋಡೆಗೆ ಹಳದಿಯ ಛಾಯೆ ಬರುತ್ತದೆ. ನೀಲಿಯ ಕಣಗಳು ಆ ಹೆಚ್ಚುವರಿ ಹಳದಿ ಬೆಳಕನ್ನು ಹೀರಿಕೊಂಡು ಎಲ್ಲ ಬಣ್ಣಗಳನ್ನೂ ಸಮಮಟ್ಟಕ್ಕೆ ತರುವುವು. ಲೆಕ್ಕಕ್ಕೆ ಬಂದರೆ ಗೋಡೆಯಿಂದ ಮರಳುವ ಒಟ್ಟು ಬೆಳಕು ಮೊದಲಿಗಿಂತ ಕಡಿಮೆಯಾಗಿರುತ್ತದೆ. ಆದರೂ ಕಣ್ಣಿಗೆ ಗೋಡೆ ಹೆಚ್ಚು ಬೆಳ್ಳಗೆ ತೋರುತ್ತದೆ. ಕಣ್ಣು ಬೆಳಕನ್ನು ಅಳೆಯುವ ಯಂತ್ರವಲ್ಲ, ಹೋಲಿಸಿ ನೋಡುವ ಇಂದ್ರಿಯ ಎಂಬ ಮುಖ್ಯ ತತ್ತ್ವದ ಮೊದಲ ಸೂಚನೆ ಇಲ್ಲಿ ದೊರೆಯುತ್ತದೆ.

ಕೋಣೆಯೊಳಗೆ ಬೆಳಕಿನ ಲೆಕ್ಕ

ಕಿಟಕಿಯಿಂದ ಒಳಬಂದ ಬೆಳಕು ಎದುರಿನ ಗೋಡೆಗೆ ಬಿದ್ದ ಕೂಡಲೆ ಅದರ ಕೆಲಸ ಮುಗಿಯುವುದಿಲ್ಲ. ಗೋಡೆ ಅದರಲ್ಲಿ ಸ್ವಲ್ಪ ಭಾಗವನ್ನು ಹೀರಿ ಉಳಿದುದನ್ನು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತದೆ. ಆ ಬೆಳಕು ಬೇರೆ ಗೋಡೆಗಳಿಗೂ ಚಾವಣಿಗೂ ಬಿದ್ದು ಮತ್ತೆ ಚೆಲ್ಲುತ್ತದೆ. ಗೋಡೆಯಿಂದ ಗೋಡೆಗೆ ಹೀಗೆ ಅಲೆದು ಅಲೆದು ಕಡೆಗೆ ಕ್ಷೀಣಿಸುತ್ತದೆ. ಇದಷ್ಟೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಮುಗಿಯುವುದರಿಂದ, ನಮಗೆ ತೋರುವುದು ಎಲ್ಲ ಪ್ರತಿಫಲನಗಳ ಒಟ್ಟು ಮೊತ್ತ.

ಈ ಮೊತ್ತವನ್ನು ಪ್ರೌಢಶಾಲೆಯ ಬೀಜಗಣಿತದಿಂದಲೇ ಕಂಡುಹಿಡಿಯಬಹುದು. ಗೋಡೆ, ಚಾವಣಿ, ನೆಲ ಎಲ್ಲವೂ ಬಿದ್ದ ಬೆಳಕಿನಲ್ಲಿ ನೂರಕ್ಕೆ 80 ಪಾಲನ್ನು ಹಿಂದಿರುಗಿಸುತ್ತವೆ ಎಂದು ಭಾವಿಸೋಣ. ಚೆನ್ನಾಗಿ ಸುಣ್ಣ ಹೊಡೆದ ಗೋಡೆಯ ಗುಣ ಹೆಚ್ಚುಕಡಮೆ ಇಷ್ಟೇ. ಆಗ ಮೊದಲು ಬಿದ್ದ ಬೆಳಕು 1, ಎರಡನೆಯ ಸಲ 0.8, ಮೂರನೆಯ ಸಲ 0.64, ಆಮೇಲೆ 0.512, ಹೀಗೆ ಒಂದು ಗುಣೋತ್ತರ ಶ್ರೇಢಿಯಾಗುತ್ತದೆ. ಅದರ ಅನಂತ ಮೊತ್ತ 1 ಭಾಗಿಸು (1 - 0.8), ಎಂದರೆ 5. ನೂರಕ್ಕೆ 50 ಪಾಲು ಹಿಂದಿರುಗಿಸುವ ಮಧ್ಯಮ ಬಣ್ಣವಾದರೆ ಮೊತ್ತ 2. ನೂರಕ್ಕೆ 20 ಪಾಲು ಮಾತ್ರ ಹಿಂದಿರುಗಿಸುವ ಗಾಢವಾದ ಬಣ್ಣವಾದರೆ 1.25. ಕಿಟಕಿ ಒಂದೇ, ಆಕಾಶ ಒಂದೇ. ಆದರೂ ಬಿಳಿಯ ಕೋಣೆಯಲ್ಲಿ ಬೆಳಕು ಐದು ಮಡಿಯಾಗುತ್ತದೆ, ಗಾಢವಾದ ಬಣ್ಣದ ಕೋಣೆಯಲ್ಲಿ ಕಾಲುಪಾಲು ಮಾತ್ರ ಹೆಚ್ಚುತ್ತದೆ.

ಈಗ ಕಿಟಕಿಗೆ ಮರೆಯಾದ ಮೂಲೆಯಲ್ಲಿರುವ ಮೇಜನ್ನು ನೆನೆಯಿರಿ. ಅಲ್ಲಿಗೆ ಆಕಾಶದ ನೇರವಾದ ಬೆಳಕು ತಲುಪುವುದೇ ಇಲ್ಲ. ಗೋಡೆಗಳು ಚೆಲ್ಲಿದ ಬೆಳಕು ಮಾತ್ರವೇ ಆಧಾರ. ಮೇಲಿನ ಮೊತ್ತಗಳಿಂದ ಮೊದಲನೆಯ ಪದವನ್ನು ಕಳೆದರೆ ಈ ಬೆಳಕು ದೊರೆಯುತ್ತದೆ: ಬಿಳಿಯ ಕೋಣೆಗೆ 4, ಮಧ್ಯಮಕ್ಕೆ 1, ಗಾಢ ಬಣ್ಣಕ್ಕೆ 0.25. ಮೊದಲನೆಯದಕ್ಕೂ ಕಡೆಯದಕ್ಕೂ ಹದಿನಾರು ಮಡಿ ಅಂತರ! ವಾಸ್ತವದಲ್ಲಿ ಕಿಟಕಿಯ ಮೂಲಕ ಸ್ವಲ್ಪ ಬೆಳಕು ಹೊರಕ್ಕೆ ಹೋಗುತ್ತದೆ. ಕೋಣೆಯ ಒಟ್ಟು ಮೇಲ್ಮೈಯಲ್ಲಿ ಇಪ್ಪತ್ತನೆಯ ಒಂದು ಭಾಗ ಕಿಟಕಿಯೆಂದು ಹಿಡಿದು ಲೆಕ್ಕಹಾಕಿದರೂ ಅಂತರ ಹದಿಮೂರು ಮಡಿಗೆ ಕಡಮೆಯಾಗುವುದಿಲ್ಲ. ಬೀರುಗಳು, ಹಾಸಿಗೆಗಳು, ಪುಸ್ತಕಗಳು ಬೆಳಕನ್ನು ಹೀರುವುದರಿಂದ ಈ ಅಂಕಗಳು ಇನ್ನಷ್ಟು ತಗ್ಗಬಹುದು. ಆದರೆ ತತ್ತ್ವ ಬದಲಾಗುವುದಿಲ್ಲ.

ಇದರ ಮಹತ್ತ್ವವನ್ನು ಪಟ್ಟಣದ ಬಾಡಿಗೆ ಮನೆಗಳಲ್ಲಿ ವಾಸಮಾಡುವವರು ಸುಲಭವಾಗಿ ಅರಿಯಬಲ್ಲರು. ಎರಡು ಕಡೆಗೂ ಪಕ್ಕದ ಮನೆಗಳ ಗೋಡೆ; ಬೀದಿಯ ಕಡೆಗೆ ಒಂದೇ ಕಿಟಕಿ. ಬಾಡಿಗೆದಾರನು ಹೊಸ ಕಿಟಕಿಯನ್ನು ಇಡಿಸಲಾರ, ಇರುವುದನ್ನು ಹಿಗ್ಗಿಸಲಾರ. ಗೋಡೆಯ ಬಣ್ಣವನ್ನಾದರೋ ಬದಲಾಯಿಸಬಲ್ಲ. ಗಾಢವಾದ ಬಣ್ಣಕ್ಕೆ ಬದಲಾಗಿ ಚಾವಣಿಗೂ ಕಿಟಕಿಯ ಎದುರಿನ ಗೋಡೆಗೂ ಕಿಟಕಿಯ ಒಳಮಗ್ಗುಲುಗಳಿಗೂ ಬಿಳುಪನ್ನು ಕೊಟ್ಟರೆ, ಹಗಲು ಹೊತ್ತಿನಲ್ಲಿ ದೀಪವನ್ನು ಆರಿಸುವುದು ಸಾಧ್ಯವಾದೀತು. ಓದುವವನ ಕಣ್ಣಿಗೆ ಆಯಾಸ ಕಡಮೆ. ವಿದ್ಯುಚ್ಛಕ್ತಿಯ ಬಿಲ್ಲೂ ಕಡಮೆ. ಗಾಢವಾದ ಬಣ್ಣ ಬೇಕೇ ಬೇಕೆನ್ನುವವರು ಕಿಟಕಿಯಿರುವ ಗೋಡೆಗೇ ಅದನ್ನು ಮೀಸಲಿಡುವುದು ಲೇಸು. ಏಕೆಂದರೆ ಆಕಾಶದ ಬೆಳಕು ಆ ಗೋಡೆಗೆ ನೇರವಾಗಿ ಬೀಳುವುದಿಲ್ಲ, ಆದುದರಿಂದ ಅಲ್ಲಿ ಆಗುವ ನಷ್ಟವೂ ಕಡಮೆ.

ಕಾರ್ಡಿನ ಬಣ್ಣ ಗೋಡೆಯ ಮೇಲೆ ಗಾಢವಾಗುವುದೇಕೆ?

ಇದೇ ಲೆಕ್ಕವನ್ನು ಒಂದು ಹೆಜ್ಜೆ ಮುಂದುವರಿಸಿದರೆ ಆರಂಭದಲ್ಲಿ ಹೇಳಿದ ದೂರಿಗೂ ಉತ್ತರ ದೊರೆಯುತ್ತದೆ. ಕೆನೆಯ ಬಣ್ಣವೊಂದು ಕೆಂಪು ಬೆಳಕಿನಲ್ಲಿ ನೂರಕ್ಕೆ 80 ಪಾಲನ್ನೂ, ನೀಲಿ ಬೆಳಕಿನಲ್ಲಿ 60 ಪಾಲನ್ನೂ ಹಿಂದಿರುಗಿಸುತ್ತದೆ ಎಂದಿಟ್ಟುಕೊಳ್ಳೋಣ. ಕಾರ್ಡಿನ ಮೇಲಿನ ಪುಟ್ಟ ಚೌಕದಲ್ಲಿ ಬೆಳಕು ಒಂದೇ ಸಲ ಪ್ರತಿಫಲಿಸಿ ಕಣ್ಣಿಗೆ ಬರುತ್ತದೆ. ಆಗ ಕೆಂಪಿಗೂ ನೀಲಿಗೂ ಇರುವ ಪ್ರಮಾಣ 80ಕ್ಕೆ 60, ಎಂದರೆ 4ಕ್ಕೆ 3. ಕೋಣೆಗೆಲ್ಲ ಅದೇ ಬಣ್ಣವನ್ನು ಬಳಿದಾಗ ಬೆಳಕು ಅನೇಕ ಸಲ ಪ್ರತಿಫಲಿಸುತ್ತದೆ. ಪ್ರತಿಸಲವೂ ನೀಲಿಯು ಕೆಂಪಿಗಿಂತ ಹೆಚ್ಚಾಗಿ ಸೋಸಿಹೋಗುತ್ತದೆ. ಗೋಡೆಗಳಿಂದ ಹೊರಡುವ ಒಟ್ಟು ಬೆಳಕು ಕೆಂಪಿನಲ್ಲಿ 0.8 ಭಾಗಿಸು 0.2, ಎಂದರೆ 4, ನೀಲಿಯಲ್ಲಿ 0.6 ಭಾಗಿಸು 0.4, ಎಂದರೆ 1.5. ಈಗ ಪ್ರಮಾಣ 8ಕ್ಕೆ 3!

ಕಾರ್ಡಿನಲ್ಲಿ 4ಕ್ಕೆ 3 ಆಗಿದ್ದುದು ಕೋಣೆಯಲ್ಲಿ 8ಕ್ಕೆ 3 ಆದ ಮೇಲೆ, ತೆಳುವಾದ ಕೆನೆ ಬಣ್ಣ ದಟ್ಟವಾದ ಹಳದಿಯಂತೆ ತೋರಿದರೆ ಆಶ್ಚರ್ಯವೇನು? ಹಾರದ ಸೇವಂತಿಗೆಯ ಒಳಮಡಿಕೆಗಳು ಹೊರ ಎಸಳುಗಳಿಗಿಂತ ದಟ್ಟವಾಗಿ ಕಾಣುವುದಕ್ಕೂ, ಹಿತ್ತಾಳೆಯ ಚೆಂಬಿನ ಒಳಮೈ ಹೊರಮೈಗಿಂತ ಹೆಚ್ಚು ಹೊಂಬಣ್ಣವಾಗಿರುವುದಕ್ಕೂ ಇದೂ ಒಂದು ಕಾರಣ. ಆದುದರಿಂದ ಕಾರ್ಡಿನಲ್ಲಿ ಮನಸ್ಸಿಗೆ ಒಪ್ಪಿದ ಛಾಯೆಗಿಂತ ಒಂದೆರಡು ಮೆಟ್ಟಿಲು ತಿಳಿಯಾದುದನ್ನು ಆರಿಸುವುದು ವಿವೇಕ. ಅನುಭವಿಗಳಾದ ಬಣ್ಣದ ಮೇಸ್ತ್ರಿಗಳು ಇದನ್ನೇ ಹೇಳುತ್ತಾರೆ. ಗುಣೋತ್ತರ ಶ್ರೇಢಿ ಅವರ ಮಾತಿಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಯಾವ ಬೆಳಕು?

ಇದುವರೆಗೆ ಒಳಬರುವ ಬೆಳಕು ಅಚ್ಚ ಬಿಳುಪೆಂದು ಭಾವಿಸಿದೆವು. ಆದರೆ ಬೆಳಕಿಗೂ ತನ್ನದೇ ಆದ ಬಣ್ಣವುಂಟು. 1666ರ ಸುಮಾರಿಗೆ ನ್ಯೂಟನ್ ಮಹಾಶಯನು ಪಟ್ಟಕದ ಮೂಲಕ ಬಿಸಿಲನ್ನು ಹಾಯಿಸಿ, ಬಿಳಿಯ ಬೆಳಕು ಅನೇಕ ಬಣ್ಣಗಳ ಮಿಶ್ರಣವೆಂದು ತೋರಿಸಿದನು. ಆ ಮಿಶ್ರಣದ ಪ್ರಮಾಣ ಎಲ್ಲ ಬೆಳಕಿನಲ್ಲಿಯೂ ಒಂದೇ ಆಗಿರುವುದಿಲ್ಲ. ಯಾವ ಉಷ್ಣತೆಗೆ ಕಾದ ಕಪ್ಪುಕಾಯವು ಅಂಥದೇ ಬೆಳಕನ್ನು ಕೊಡುವುದೋ ಆ ಉಷ್ಣತೆಯಿಂದ ಬೆಳಕಿನ ಬಣ್ಣವನ್ನು ಸೂಚಿಸುವುದು ವಿಜ್ಞಾನಿಗಳ ರೂಢಿ. ಎಣ್ಣೆಯ ದೀಪ ಅಥವಾ ಮೇಣದಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್. ತಂತಿಯ ಬಲ್ಬಿನದು 2700. ನಡುಹಗಲಿನ ಬಿಸಿಲು 5500ರ ಹತ್ತಿರ. ನೀಲಾಕಾಶದ ಬೆಳಕು 10,000ವನ್ನೂ ಮೀರಬಹುದು. ಅಂಕ ಏರಿದಂತೆಲ್ಲ ಬೆಳಕು ಕೆಂಪಿನಿಂದ ನೀಲಿಯತ್ತ ಸರಿಯುತ್ತದೆ.

ಇಂಗ್ಲೆಂಡಿನಲ್ಲಿ ಅಚ್ಚಾದ ಗೃಹಾಲಂಕಾರದ ಪುಸ್ತಕಗಳು ಉತ್ತರದ ಕೋಣೆಗೆ ಬಿಸಿಲು ಸಾಲದೆಂದೂ, ಅಲ್ಲಿ ಬೆಚ್ಚಗಿನ ಬಣ್ಣಗಳಿರಬೇಕೆಂದೂ ಬೋಧಿಸುತ್ತವೆ. ಲಂಡನ್ನಿಗೆ ಇದು ಸರಿಯೇ. ಅಲ್ಲಿ ಮಧ್ಯಾಹ್ನದ ಸೂರ್ಯನು ವರ್ಷವೆಲ್ಲ ದಕ್ಷಿಣದ ಕಡೆಗೇ ಇರುತ್ತಾನೆ. ನಮ್ಮ ನಾಡಿನ ಸ್ಥಿತಿ ಬೇರೆ. ಕರ್ನಾಟಕವೆಲ್ಲವೂ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ಕಡೆಯ ವಾರದಿಂದ ಆಗಸ್ಟ್ ಮಧ್ಯಭಾಗದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಜೂನ್ 21ರ ಸುಮಾರಿಗೆ ಈ ವಾಲಿಕೆ ಹತ್ತೂವರೆ ಡಿಗ್ರಿ. ಡಿಸೆಂಬರಿನಲ್ಲಿಯಾದರೋ ದಕ್ಷಿಣಕ್ಕೆ ಮೂವತ್ತಾರೂವರೆ ಡಿಗ್ರಿ ಇಳಿದಿರುತ್ತಾನೆ. ನಮ್ಮಲ್ಲಿ ದಕ್ಷಿಣದ ಕಿಟಕಿಗೆ ಚಳಿಗಾಲದಲ್ಲಿ ಬಿಸಿಲು, ಉತ್ತರದ ಕಿಟಕಿಗೆ ಬೇಸಗೆಯ ತುದಿಯಲ್ಲಿ ಬಿಸಿಲು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜೂನಿನಿಂದ ಮುಂದಕ್ಕೆ ಮೋಡವೇ ಆಕಾಶವಾಗಿರುವುದರಿಂದ ದಿಕ್ಕಿನ ಭೇದವೇ ಬಹುಮಟ್ಟಿಗೆ ಅಳಿದುಹೋಗುತ್ತದೆ. ಪರದೇಶದ ಪುಸ್ತಕದ ನಿಯಮವನ್ನು ಇಲ್ಲಿಯ ಗೋಡೆಗೆ ಬಳಿಯುವ ಮೊದಲು ನಮ್ಮ ಸೂರ್ಯನನ್ನು ಕೇಳಬೇಕು.

ರಾತ್ರಿಯ ದೀಪಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇಂದು ಮನೆಮನೆಯಲ್ಲಿರುವ ಬಿಳಿಯ ಎಲ್.ಇ.ಡಿ. ದೀಪದ ಒಳಗೆ ನೀಲಿ ಬೆಳಕನ್ನು ಕೊಡುವ ಒಂದು ಅರೆವಾಹಕದ ಹರಳಿದೆ. ಅದರ ಮೇಲಿನ ಲೇಪವು ಆ ನೀಲಿಯಲ್ಲಿ ಸ್ವಲ್ಪ ಭಾಗವನ್ನು ಹಳದಿಯಾಗಿ ಮಾರ್ಪಡಿಸುತ್ತದೆ. ಎರಡೂ ಸೇರಿ ಬಿಳುಪೆನಿಸುತ್ತವೆ. ಈ ನೀಲಿ ಹರಳನ್ನು ಸಾಧಿಸಿದುದಕ್ಕಾಗಿ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬಿಸಿಲಿನ ರೋಹಿತ ಎಡೆಬಿಡದೆ ಹರಡಿರುವಂತೆ ಈ ದೀಪದ ರೋಹಿತ ಸಮವಾಗಿರುವುದಿಲ್ಲ. ಸಾಧಾರಣ ದರ್ಜೆಯ ದೀಪಗಳಲ್ಲಿ ಗಾಢವಾದ ಕೆಂಪು ಕೊರತೆಯಾಗಿರುತ್ತದೆ. ಬೆಳಕಿನಲ್ಲಿಯೇ ಇಲ್ಲದ ಕೆಂಪನ್ನು ಗೋಡೆ ಹಿಂದಿರುಗಿಸುವುದೆಂತು? ಆದುದರಿಂದ ಹಗಲಿನಲ್ಲಿ ಕಳೆಗೂಡಿದ ಕುಂಕುಮದ ಬಣ್ಣ ರಾತ್ರಿ ಮಂಕಾಗಿ ತೋರುತ್ತದೆ.

ಇದರಿಂದ ಇನ್ನೂ ಒಂದು ವಿಚಿತ್ರ ಸಂಭವಿಸುತ್ತದೆ. ಎರಡು ಬಟ್ಟೆಗಳು ಒಂದು ದೀಪದ ಕೆಳಗೆ ಒಂದೇ ಬಣ್ಣದವಾಗಿದ್ದು, ಬಿಸಿಲಿಗೆ ಬಂದಾಗ ಬೇರೆ ಬೇರೆಯಾಗಿ ಕಾಣಬಹುದು. ಕಣ್ಣಿನ ಅಕ್ಷಿಪಟದಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮೂರೇ ಬಗೆಯವು. ರೋಹಿತದ ಅಷ್ಟೂ ವಿವರವನ್ನು ಅವು ಮೂರು ಅಂಕಗಳಿಗೆ ಇಳಿಸಿಬಿಡುವುದರಿಂದ, ಬೇರೆ ಬೇರೆ ರೋಹಿತಗಳು ಒಂದೇ ಬಣ್ಣವೆಂದು ತೋರುವುದು ಸಾಧ್ಯ. ಸೀರೆಗೆ ಹೊಂದುವ ರವಿಕೆಯ ಕಣವನ್ನು ಕೊಳ್ಳುವಾಗ ನಮ್ಮ ಗೃಹಿಣಿಯರು ಎರಡನ್ನೂ ಅಂಗಡಿಯ ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ಹಿಡಿದು ನೋಡುತ್ತಾರೆ. ಬಣ್ಣದ ವಿಜ್ಞಾನದಲ್ಲಿ ಇದಕ್ಕಿಂತ ಉತ್ತಮವಾದ ಪರೀಕ್ಷೆಯಿಲ್ಲ. ಪರದೆಯನ್ನೂ ಗೋಡೆಯ ಬಣ್ಣವನ್ನೂ ಹೊಂದಿಸುವವರು ಅವರನ್ನೇ ಅನುಸರಿಸಬೇಕು. ಹಗಲಿನಲ್ಲಿ ಒಮ್ಮೆ, ಮನೆಯ ದೀಪದಲ್ಲಿ ಒಮ್ಮೆ, ಹೀಗೆ ಎರಡು ಸಲ ನೋಡಬೇಕು.

ನೆರೆಯ ಬಣ್ಣದ ಪ್ರಭಾವ

ಕೋಣೆಯ ಬೆಳಕನ್ನು ಬಿಟ್ಟು ಈಗ ಕಣ್ಣಿನ ಕಡೆಗೆ ತಿರುಗೋಣ. ಪ್ಯಾರಿಸ್ ನಗರದ ಗೋಬೆಲಿನ್ಸ್ ಎಂಬ ಪ್ರಸಿದ್ಧ ಚಿತ್ರಗಂಬಳಿಗಳ ಕಾರ್ಖಾನೆಯಲ್ಲಿ 1824ರಲ್ಲಿ ಶೆವ್ರೆಲ್ ಎಂಬ ರಸಾಯನ ವಿಜ್ಞಾನಿ ಬಣ್ಣಗಾರಿಕೆಯ ವಿಭಾಗದ ನಿರ್ದೇಶಕನಾದನು. ಅಲ್ಲಿಯ ಕಪ್ಪು ನೂಲಿಗೆ ಸಾಕಷ್ಟು ಕಪ್ಪು ಇಲ್ಲವೆಂಬ ದೂರು ಅವನ ಮುಂದೆ ಬಂದಿತು. ಅವನು ನೂಲನ್ನು ಪರೀಕ್ಷಿಸಿ, ಬೇರೆ ಕಡೆಗಳ ಉತ್ತಮ ನೂಲಿನೊಡನೆ ಹೋಲಿಸಿ ನೋಡಿದನು. ಬಣ್ಣದಲ್ಲಿ ದೋಷವೇನೂ ಇರಲಿಲ್ಲ. ದೋಷವಿದ್ದುದು ಅದರ ನೆರೆಯಲ್ಲಿ! ನೀಲಿ, ನೇರಳೆ ನೂಲುಗಳ ಪಕ್ಕದಲ್ಲಿ ನೇಯ್ದಾಗ ಕಪ್ಪು ತನ್ನ ಕಸುವನ್ನು ಕಳೆದುಕೊಂಡಂತೆ ತೋರುತ್ತಿತ್ತು. ವರ್ಷಗಟ್ಟಲೆ ಈ ವಿಷಯವನ್ನು ಅಭ್ಯಸಿಸಿ 1839ರಲ್ಲಿ ಅವನು ಪ್ರಕಟಿಸಿದ ಗ್ರಂಥ ಚಿತ್ರಕಾರರಿಗೂ ವಿಜ್ಞಾನಿಗಳಿಗೂ ಸಮಾನವಾಗಿ ಮಾರ್ಗದರ್ಶಕವಾಯಿತು.

ಅವನು ಕಂಡ ನಿಯಮವನ್ನು ಹೀಗೆ ಹೇಳಬಹುದು: ಎರಡು ಬಣ್ಣಗಳು ನೆರೆಹೊರೆಯಲ್ಲಿದ್ದರೆ, ಅವು ತಮ್ಮಲ್ಲಿರುವ ಭೇದವನ್ನು ಹೆಚ್ಚಿಸಿಕೊಂಡು ಕಾಣುವುವು. ತಿಳಿಬಣ್ಣ ಗಾಢದ ಪಕ್ಕದಲ್ಲಿ ಇನ್ನೂ ತಿಳಿಯಾಗುತ್ತದೆ; ಕೆಂಪಿನ ಪಕ್ಕದಲ್ಲಿರುವ ಬೂದಿಗೆ ಹಸಿರಿನ ಛಾಯೆ ಬರುತ್ತದೆ; ಹಸಿರಿನ ಪಕ್ಕದಲ್ಲಿ ಅದೇ ಬೂದಿ ನಸುಗೆಂಪಾಗುತ್ತದೆ. ಅಕ್ಷಿಪಟದಲ್ಲಿ ಒಂದು ಭಾಗ ಉದ್ರೇಕಗೊಂಡಾಗ ಅದು ನೆರೆಯ ಭಾಗದ ಸಂದೇಶವನ್ನು ಕುಗ್ಗಿಸುತ್ತದೆ ಎಂಬುದು ಇದಕ್ಕೆ ಒಂದು ಮುಖ್ಯ ಕಾರಣ. ವಾಚಕರು ಇದನ್ನು ಸ್ವತಃ ಪರೀಕ್ಷಿಸಬಹುದು. ಬೂದಿಬಣ್ಣದ ಒಂದೇ ಕಾಗದದಿಂದ ರೂಪಾಯಿ ನಾಣ್ಯದಷ್ಟು ದೊಡ್ಡ ಎರಡು ಬಿಲ್ಲೆಗಳನ್ನು ಕತ್ತರಿಸಿ, ಒಂದನ್ನು ಅಚ್ಚಗೆಂಪು ಕಾಗದದ ಮೇಲೂ ಇನ್ನೊಂದನ್ನು ಹಸಿರು ಕಾಗದದ ಮೇಲೂ ಇಟ್ಟು ಕೆಲವು ಕ್ಷಣ ದಿಟ್ಟಿಸಿರಿ. ಎರಡೂ ಒಂದೇ ಕಾಗದವೆಂದು ನಂಬುವುದು ಕಷ್ಟವಾಗುತ್ತದೆ.

ಮನೆಯ ಅಲಂಕಾರಕ್ಕೆ ಇದರಿಂದ ದೊರೆಯುವ ಉಪದೇಶ ಸ್ಪಷ್ಟವಾಗಿದೆ. ಒಂದು ಬಣ್ಣವನ್ನು ಮಾತ್ರ ಆರಿಸುವುದೆಂಬುದೇ ಇಲ್ಲ. ನಾವು ಆರಿಸುವುದು ಯಾವಾಗಲೂ ಒಂದು ನೆರೆಹೊರೆಯನ್ನು. ಕೆಂಪು ನೆಲವಿರುವ ಮನೆಯಲ್ಲಿ ಬೂದಿಬಣ್ಣದ ಗೋಡೆ ಹಸಿರಾಗಿ ತೋರುವ ಸಂಭವವುಂಟು. ಇರುವ ನೆಲ, ಬಾಗಿಲಿನ ಮರ, ದಿನವೂ ಹಾಸುವ ಜಮಖಾನೆ, ಇವುಗಳ ಪಕ್ಕದಲ್ಲಿ ಹಿಡಿದು ನೋಡಿದಲ್ಲದೆ ಕಾರ್ಡಿನ ಚೌಕ ಸತ್ಯವನ್ನು ನುಡಿಯುವುದಿಲ್ಲ.

ನಮ್ಮ ಹಳೆಯ ಗೋಡೆಗಳು

ಇಷ್ಟೆಲ್ಲ ತತ್ತ್ವಗಳನ್ನೂ ಬಣ್ಣದ ಡಬ್ಬಿಯಿಲ್ಲದೆ ಆಚರಣೆಗೆ ತಂದ ಗೋಡೆಗಳು ನಮ್ಮ ನಾಡಿನಲ್ಲಿಯೇ ಇವೆ. ಮಲೆನಾಡಿನ ದೀವರ ಮನೆಗಳಲ್ಲಿ ಮದುವೆಯ ಕಾಲದಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರ ಇದಕ್ಕೆ ಉತ್ತಮ ಉದಾಹರಣೆ. ಕೆಮ್ಮಣ್ಣಿನಿಂದ ಸಾರಿಸಿದ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನ ಬಿಳಿಯ ಗೆರೆಗಳು. ಹುರಿದು ಕರಿದಾದ ಅಕ್ಕಿಯಿಂದ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಪುಂಡಿಯ ನಾರೇ ಕುಂಚ. ಚೌಕದೊಳಗೆ ಚೌಕ, ಗೆರೆಯ ಪಕ್ಕದಲ್ಲಿ ಗೆರೆ, ಹೀಗೆ ಅಚ್ಚುಕಟ್ಟಾದ ರೇಖಾವಿನ್ಯಾಸ. ಕರಾವಳಿಯ ದೇವಾಲಯಗಳಲ್ಲಿ ಕಾಣುವ ಕಾವಿ ಕಲೆಯಲ್ಲಿಯೂ ಇದೇ ಜೋಡಿಯುಂಟು: ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಯ ಪದರವನ್ನು ಹಚ್ಚಿ, ಹಸಿಯಿರುವಾಗಲೇ ಬೇಕಾದೆಡೆಯಲ್ಲಿ ಕೆರೆದು ಒಳಗಿನ ಬಿಳುಪನ್ನು ಹೊರತರುತ್ತಾರೆ.

ಮಳೆನಾಡಿನ ಹೆಂಚಿನ ಮನೆಗಳ ಒಳಗೆ ಹಗಲಿನಲ್ಲಿಯೂ ಬೆಳಕು ಕಡಮೆ. ಅಂಥ ಮಬ್ಬಿನಲ್ಲಿ ಕೆಂಪಿನ ಮೇಲಿನ ಬಿಳುಪು ಏಕೆ ಎದ್ದು ಕಾಣುತ್ತದೆ? ಬೆಳಕು ಬಹಳ ಕುಗ್ಗಿದಾಗ ಶಂಕುಕೋಶಗಳು ಹಿಂದೆ ಸರಿದು, ದಂಡಕೋಶಗಳು ನೋಟದ ಹೊಣೆಯನ್ನು ಹೊರುತ್ತವೆ. ಶಂಕುಗಳ ಒಟ್ಟು ಸೂಕ್ಷ್ಮತೆ 555 ನ್ಯಾನೊಮೀಟರ್ ತರಂಗದೂರದಲ್ಲಿ ಅತ್ಯಧಿಕ. ದಂಡಗಳದು 507ರ ಹತ್ತಿರ. ದಂಡಕೋಶಗಳು ಕೆಂಪು ಬೆಳಕಿಗೆ ಕುರುಡೆಂದೇ ಹೇಳಬಹುದು. ಆದುದರಿಂದ ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಅದರ ಹಸಿರೆಲೆಗಿಂತ ಮೊದಲೇ ಕಪ್ಪಾಗುತ್ತದೆ. ಜೆಕ್ ದೇಶದ ಪುರ್ಕಿನ್ಯೆ ಎಂಬ ಶರೀರವಿಜ್ಞಾನಿ ಇದನ್ನು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಗಮನಿಸಿದನು. ಕೆಮ್ಮಣ್ಣಿನ ಹಿನ್ನೆಲೆ ಬೆಳಕು ಕುಂದಿದಂತೆಲ್ಲ ಕಪ್ಪಾಗುತ್ತ ಹೋಗುತ್ತದೆ. ಎಲ್ಲ ತರಂಗದೂರಗಳನ್ನೂ ಚದರಿಸುವ ಬಿಳಿಯ ಗೆರೆ ಉಳಿದುಕೊಳ್ಳುತ್ತದೆ. ಎಂದರೆ ಸಂಜೆಯಾದಂತೆ ಚಿತ್ತಾರದ ವೈದೃಶ್ಯ ಕುಗ್ಗುವುದಕ್ಕೆ ಬದಲಾಗಿ ಹೆಚ್ಚುತ್ತದೆ. ಬರೆದವರಿಗೆ ದಂಡಕೋಶಗಳ ಹೆಸರು ತಿಳಿದಿರಲಿಲ್ಲ. ತಮ್ಮ ಮನೆಯ ಬೆಳಕಿನಲ್ಲಿ ಕುಳಿತು ಬರೆದುದರಿಂದ ಆ ಬೆಳಕಿಗೆ ಒಪ್ಪುವುದು ಅವರ ಕೈಗೆ ಸಿದ್ಧಿಸಿತು.

ಈ ಬಣ್ಣಗಳ ಬಾಳಿಕೆಯಲ್ಲಿಯೂ ಒಂದು ಪಾಠವಿದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಅದು ಖನಿಜ, ಬಿಸಿಲಿಗೂ ಸುಣ್ಣದ ಕ್ಷಾರಕ್ಕೂ ಜಗ್ಗುವುದಿಲ್ಲ. ಅರಿಸಿನದಂಥ ಸಸ್ಯಜನ್ಯ ಬಣ್ಣಗಳ ಅಣುಗಳನ್ನು ಬಿಸಿಲಿನ ನೇರಳಾತೀತ ಕಿರಣಗಳು ಒಡೆದುಹಾಕುವುದರಿಂದ ಅವು ಬೇಗ ಮಾಸುತ್ತವೆ. ಅಲ್ಲದೆ ಅರಿಸಿನ ಸುಣ್ಣದೊಡನೆ ಸೇರಿದರೆ ಕೆಂಪಾಗುತ್ತದೆ. ಆರತಿಯ ಓಕುಳಿ ನೀರು ಇದಕ್ಕೆ ಸಾಕ್ಷಿ. ನೆನಪಿಗೆ ಬಂದ ಬಣ್ಣವನ್ನೆಲ್ಲ ಸುಣ್ಣಕ್ಕೆ ಬೆರೆಸಲಾಗದು.

ವಿದ್ಯಾರ್ಥಿಗಳಿಗೆ ಒಂದು ಸೂಚನೆ

ನಿಮ್ಮ ಮನೆಗೆ ಬಣ್ಣ ಬಳಿಸುವ ಸಂದರ್ಭ ಒದಗಿದರೆ ಹೀಗೆ ಮಾಡಿರಿ. ಮೆಚ್ಚಿದ ಮೂರು ಛಾಯೆಗಳ ಚಿಕ್ಕ ಡಬ್ಬಿಗಳನ್ನು ತಂದು, ಒಂದೊಂದನ್ನೂ ಕನಿಷ್ಠ ಎರಡು ಅಡಿ ಚದರದ ರಟ್ಟಿಗೆ ಎರಡು ಕೈ ಬಳಿದು ಒಣಗಿಸಿರಿ. ಒದ್ದೆಯಿರುವಾಗ ತೀರ್ಮಾನ ಬೇಡ. ಕಾರಣವನ್ನು ಆಗಲೇ ನೋಡಿದ್ದೇವೆ. ಪ್ರತಿಯೊಂದು ರಟ್ಟನ್ನೂ ಕಿಟಕಿಯ ಎದುರಿನ ಗೋಡೆಗೂ ಕತ್ತಲಾದ ಮೂಲೆಗೂ ಒರಗಿಸಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ದೀಪ ಹಚ್ಚಿದ ಮೇಲೆ, ಹೀಗೆ ನಾಲ್ಕು ಹೊತ್ತು ನೋಡಿ ಬರೆದಿಟ್ಟುಕೊಳ್ಳಿರಿ. ಎರಡು ರಟ್ಟುಗಳನ್ನು ಪುಸ್ತಕದಂತೆ ಎದುರುಬದುರಾಗಿ ಓರೆಯಾಗಿಟ್ಟು ಅವುಗಳ ಸಂದನ್ನು ನೋಡಿದರೆ, ಗೋಡೆಗಳ ನಡುವೆ ಬಣ್ಣ ಎಷ್ಟು ಗಾಢವಾಗುವುದೆಂಬುದರ ಅಂದಾಜೂ ದೊರೆಯುತ್ತದೆ. ಮೂಲೆಯಲ್ಲಿ ಓದುವ ಮೇಜಿನ ಮೇಲೆ ಒಂದು ಪುಸ್ತಕವನ್ನು ತೆರೆದಿಟ್ಟು, ಸಂಜೆ ಎಷ್ಟು ಗಂಟೆಯವರೆಗೆ ದೀಪವಿಲ್ಲದೆ ಓದಲು ಸಾಧ್ಯವೆಂಬುದನ್ನು ಬಣ್ಣ ಬಳಿಯುವ ಮೊದಲೂ ಆಮೇಲೂ ಗುರುತು ಹಾಕಿಕೊಳ್ಳಿರಿ. ಎರಡು ದಿನಗಳೂ ಆಕಾಶ ಒಂದೇ ಬಗೆಯಾಗಿರುವಂತೆ ನೋಡಿಕೊಂಡರೆ ಸಾಕು. ಬೇರೆ ಉಪಕರಣ ಬೇಡ.

ಗೋಡೆಗೆ ಬಣ್ಣ ಹಚ್ಚುವುದೆಂದರೆ ಮನೆಯೊಳಕ್ಕೆ ಬಂದ ಹಗಲಿನ ಬೆಳಕನ್ನು ಯಾರಿಗೆ ಎಷ್ಟು ಹಂಚಬೇಕೆಂದು ಗೊತ್ತುಮಾಡುವುದು. ಅಡಿಗೆಯ ಮನೆಯ ಒಲೆಯ ಮುಂದೆ ನಿಂತವರಿಗೆ, ನಡುಮನೆಯಲ್ಲಿ ಹೂ ಕಟ್ಟುವ ಅಜ್ಜಿಗೆ, ಮೂಲೆಯ ಮೇಜಿನಲ್ಲಿ ಪರೀಕ್ಷೆಗೆ ಓದುವ ಹುಡುಗಿಗೆ ಇದರಲ್ಲಿ ಪಾಲಿದೆ. ಈ ಪಾಲನ್ನು ಮರೆಯದೆ ಆರಿಸಿದ ಬಣ್ಣ ಅಂದವಾಗಿಯೂ ಇರುತ್ತದೆ.